ಸಂಶಯದ ಲಾಭ ಸೈನಿಕನಿಗೆ



ಹತ್ತೊಂಬತ್ತು, ಇಪ್ಪತ್ತರ ಹರೆಯದ ಹುಡುಗನೊಬ್ಬ ಸೇನಾ ಭರ್ತಿಗೆ ಹೋಗುತ್ತಾನೆ. ಎದೆಯ ಅಳತೆ, ಕಣ್ಣು, ಕಿವಿ, ಹಲ್ಲು, ಪಾದ ಎಲ್ಲವನ್ನೂ ವೈದ್ಯರು ಪರೀಕ್ಷಿಸುತ್ತಾರೆ. ಎಲ್ಲವೂ ಸರಿಯಿದೆ ಎಂದು ಕಾಗದದಲ್ಲಿ ಬರೆದ ಮೇಲೆಯೇ ಅವನಿಗೆ ಸಮವಸ್ತ್ರ. ಎಂಟು ಹತ್ತು ವರ್ಷ ಕಳೆದ ಮೇಲೆ ಅದೇ ಸೈನಿಕ ಕಾಯಿಲೆ ಬೀಳುತ್ತಾನೆ. ಇನ್ನು ಸೇವೆಗೆ ಯೋಗ್ಯನಲ್ಲ ಎಂದು ಸೇನೆ ಅವನನ್ನು ಊರಿಗೆ ಕಳಿಸುತ್ತದೆ. ಅಂಗವೈಕಲ್ಯ ಪಿಂಚಣಿ ಕೇಳಿದರೆ, 'ಈ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ.

ಹಾಗಾದರೆ ಕಾಯಿಲೆ ಎಲ್ಲಿಂದ ಬಂತು? ಅದನ್ನು ರುಜುವಾತುಪಡಿಸಬೇಕಾದವರು ಯಾರು, ಸೈನಿಕನೋ, ಸರ್ಕಾರವೋ? ಮಾಜಿ ಸೈನಿಕರ ಪಿಂಚಣಿ ಮೇಲ್ಮನವಿಗಳ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಈ ಪ್ರಶ್ನೆಯ ಮೇಲೆ.

ಮೊದಲು ನಿಯಮವನ್ನು ನೋಡೋಣ. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೆಯ ನಿಯಮದಂತೆ ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತುಗಳಿದ್ದವು. ವೈಕಲ್ಯ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅದು ಸೇವೆಯಿಂದ ಬಂದದ್ದಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದಾಗಿರಬೇಕು. ಮೊದಲಿನದು ಅಳತೆಯ ಮಾತು. ತಕರಾರು ಹೆಚ್ಚಾಗಿ ಏಳುವುದು ಎರಡನೆಯದರ ಬಗ್ಗೆ. ಗುಂಡೇಟು ತಿಂದವನ ಗಾಯದ ಮೂಲ ಎಲ್ಲರಿಗೂ ಕಾಣುತ್ತದೆ. ರಕ್ತದೊತ್ತಡ, ಮೂರ್ಛೆರೋಗ, ಮನೋರೋಗಗಳ ಮೂಲ ಹಾಗೆ ಕಾಣುವುದಿಲ್ಲ.

ಇದನ್ನು ಅರಿತೇ 1982ರ ಅರ್ಹತಾ ನಿಯಮಗಳು ಸೈನಿಕನ ಪರವಾಗಿ ಕೆಲವು ಮಾತುಗಳನ್ನು ಹೇಳಿದವು. ಭರ್ತಿಯ ವೇಳೆ ದಾಖಲಾದ ದೋಷಗಳನ್ನು ಬಿಟ್ಟರೆ ಆತ ಆರೋಗ್ಯವಂತನಾಗಿಯೇ ಸೇನೆಗೆ ಬಂದನೆಂದು ಭಾವಿಸಬೇಕು. ಮುಂದೆ ಆರೋಗ್ಯ ಕೆಟ್ಟು ಸೇವೆಯಿಂದ ಹೊರಬಿದ್ದರೆ, ಅದಕ್ಕೆ ಸೇವೆಯೇ ಕಾರಣವೆಂದು ಭಾವಿಸಬೇಕು. ಅರ್ಹತೆಯನ್ನು ರುಜುವಾತುಪಡಿಸುವಂತೆ ಅರ್ಜಿದಾರನನ್ನು ಕೇಳುವಂತಿಲ್ಲ. ಸಕಾರಣ ಸಂಶಯವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು. 'ಈ ಕಾಯಿಲೆಯನ್ನು ಭರ್ತಿಯ ದಿನ ಪತ್ತೆಹಚ್ಚಲು ಸಾಧ್ಯವಿರಲಿಲ್ಲ' ಎಂದು ವೈದ್ಯ ಮಂಡಳಿ ಹೇಳಬಹುದು. ಆದರೆ ಕಾರಣವನ್ನು ಬರೆಯಬೇಕು.

ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ಕಚೇರಿಗಳಲ್ಲಿ ಅದು ಹೇಗೆ ಮರೆಯಾಗುತ್ತಿತ್ತು ಎಂಬುದಕ್ಕೆ ಧರಮ್‌ವೀರ್ ಸಿಂಗ್ ಪ್ರಕರಣ ಸಾಕ್ಷಿ. ಸೇನೆಯ ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿದ ಅವರನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಬಿಡುಗಡೆ ಮಾಡಲಾಯಿತು. ವೈಕಲ್ಯ ಶೇಕಡಾ 20 ಎಂದು ವೈದ್ಯ ಮಂಡಳಿಯೇ ಬರೆದಿತ್ತು. ಜೊತೆಗೆ, ಇದು ದೇಹಪ್ರಕೃತಿಯಿಂದ ಬಂದದ್ದು, ಸೇವೆಗೆ ಸಂಬಂಧಿಸಿದ್ದಲ್ಲ ಎಂದೂ ಬರೆದಿತ್ತು. ಪಿಂಚಣಿ ಸಿಗಲಿಲ್ಲ. ಹಿಮಾಚಲ ಪ್ರದೇಶ ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆಲುವು, ವಿಭಾಗೀಯ ಪೀಠದಲ್ಲಿ ಸೋಲು.

2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಭರ್ತಿಯ ವೇಳೆ ಇಂಥ ಕಾಯಿಲೆ ಇದೆಯೆಂದು ಎಲ್ಲೂ ದಾಖಲಾಗಿಲ್ಲ. ಸೇವೆಗೆ ಸಂಬಂಧವಿಲ್ಲ ಎನ್ನಲು ಮಂಡಳಿ ಕಾರಣ ಕೊಟ್ಟಿಲ್ಲ. ಹೀಗಿರುವಾಗ ನಿಯಮದ ಭಾವನೆ ಸೈನಿಕನ ಪರವಾಗಿಯೇ ನಿಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. ಸೈನಿಕ ಗೆದ್ದರು. ಆದರೆ ಮನೆಗೆ ಬಂದ ದಿನದಿಂದ ಆ ತೀರ್ಪಿನ ದಿನಕ್ಕೆ 19 ವರ್ಷಗಳು ಕಳೆದುಹೋಗಿದ್ದವು.

ಹಾಗೆಂದು ಕೇಳಿದವರಿಗೆಲ್ಲ ಪಿಂಚಣಿ ಸಿಗುತ್ತದೆಯೇ? ಇಲ್ಲ. ರಜೆಯಲ್ಲಿದ್ದ ಸೈನಿಕರೊಬ್ಬರ ಕಣ್ಣಿಗೆ ಚಿನ್ನಿದಾಂಡಿನ ಚಿನ್ನಿ ಬಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಾಯಕ್ಕೂ ಸೇವೆಗೂ ಕಾರ್ಯಕಾರಣ ಸಂಬಂಧ ಬೇಕು ಎಂದು ಹೇಳಿ 2012ರಲ್ಲಿ ನ್ಯಾಯಾಲಯ ಆ ಕೋರಿಕೆಯನ್ನು ಒಪ್ಪಲಿಲ್ಲ. ಮನೋರೋಗದ ಇನ್ನೊಂದು ಪ್ರಕರಣದಲ್ಲಿ, ಭರ್ತಿಯ ದಾಖಲೆಯಲ್ಲಿ ಕಾಯಿಲೆ ನಮೂದಾಗಿಲ್ಲ ಎಂಬುದೊಂದೇ ಸಾಲದು ಎಂದು 2019ರಲ್ಲಿ ತೀರ್ಪು ಬಂತು. ಅಂದರೆ ಸಂಶಯದ ಲಾಭ ಎಂಬುದು ಕಣ್ಣುಮುಚ್ಚಿ ಕೊಡುವ ದಾನವಲ್ಲ. ಪ್ರತಿ ಕಡತವನ್ನೂ ಬಿಡಿಸಿ ನೋಡಬೇಕು.

ಆ ಕಡತ ಹೋಗುವ ದಾರಿ ಯಾವುದು? ಪಿಂಚಣಿ ನಿರಾಕರಣೆಯ ಪತ್ರ ಬಂದಾಗ ಮೊದಲ ಮೇಲ್ಮನವಿಯನ್ನು ಸೇನಾ ಇಲಾಖೆಯ ಸಮಿತಿಗೇ ಸಲ್ಲಿಸಬೇಕು. ಅಲ್ಲಿ ಆಗದಿದ್ದರೆ ಎರಡನೆಯ ಮೇಲ್ಮನವಿ ಸಮಿತಿ ಇದೆ. ಅದೂ ಮುಗಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿದ ಈ ಮಂಡಳಿಯ ಪೀಠದಲ್ಲಿ ನ್ಯಾಯಾಂಗದಿಂದ ಬಂದ ಒಬ್ಬ ಸದಸ್ಯರು, ಆಡಳಿತ ಸದಸ್ಯರಾಗಿ ಸಾಮಾನ್ಯವಾಗಿ ಸೇನೆಯ ಒಬ್ಬ ನಿವೃತ್ತ ಹಿರಿಯ ಅಧಿಕಾರಿ ಕೂರುತ್ತಾರೆ. ಕಾನೂನಿನ ಜೊತೆಗೆ ಗಡಿಯ ಬದುಕನ್ನೂ ಬಲ್ಲವರು ತೀರ್ಪಿನಲ್ಲಿ ಪಾಲ್ಗೊಳ್ಳಲಿ ಎಂಬುದು ಇದರ ಹಿಂದಿನ ವಿಚಾರ. ಕರ್ನಾಟಕದ ಅರ್ಜಿಗಳು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ತಕ್ಕ ಕಾರಣ ತೋರಿಸಬೇಕು. ಮಂಡಳಿಯ ಆದೇಶವೂ ಸರಿಯಿಲ್ಲ ಎನಿಸಿದರೆ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ.

ನಿಯಮಗಳೂ ಬದಲಾಗುತ್ತ ಬಂದಿವೆ. 2008ರ ನಿಯಮಗಳಲ್ಲಿ ಒಂದು ಎಚ್ಚರಿಕೆಯ ಮಾತಿದೆ. ರುಜುವಾತಿನ ಹೊಣೆ ಸಾಮಾನ್ಯವಾಗಿ ಅರ್ಜಿದಾರನ ಮೇಲಿಲ್ಲ. ಆದರೆ ಸೇವೆ ಬಿಟ್ಟು 15 ವರ್ಷಗಳ ನಂತರ ಕೇಳಿದರೆ ಹೊಣೆ ಅವನದೇ, ಏಕೆಂದರೆ ಅಷ್ಟರಲ್ಲಿ ಅವನ ಸೇವಾ ಕಾಗದಪತ್ರಗಳನ್ನು ನಾಶಮಾಡಲಾಗಿರುತ್ತದೆ. 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸ ನಿಯಮಗಳು ಬಂದಿವೆ. ಆದ್ದರಿಂದ ಯಾವ ವರ್ಷ ಸೇವೆ ಬಿಟ್ಟದ್ದು, ಆಗ ಯಾವ ನಿಯಮವಿತ್ತು ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಊರಿಗೆ ಮರಳಿದ ಎಷ್ಟೋ ಸೈನಿಕರು ನಿರಾಕರಣೆಯ ಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿ ಸುಮ್ಮನಾಗುತ್ತಾರೆ. ಸರ್ಕಾರವೇ ಬರೆದ ಮೇಲೆ ಇನ್ನೇನು ಎಂಬ ಭಾವನೆ. ಆ ಪತ್ರವನ್ನು ಹೊರತೆಗೆದು ಒಮ್ಮೆ ಓದಬೇಕು. 'ಸಂಬಂಧವಿಲ್ಲ' ಎಂಬ ಮಾತಿನ ಪಕ್ಕದಲ್ಲಿ ಕಾರಣ ಬರೆದಿದ್ದಾರೆಯೇ ಎಂದು ನೋಡಬೇಕು. ಬರೆದಿಲ್ಲವಾದರೆ ಮೇಲ್ಮನವಿಯನ್ನು ಅಲ್ಲಿಂದಲೇ ಶುರುಮಾಡಬಹುದು.