ಹಳೆಯ ಕಾಮಿಕ್ಸ್‌ಗೆ ಇಸ್ತ್ರಿ ಹಾಕುವವರು

(ಪುಸ್ತಕಪ್ರಿಯರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ಮದುವೆಗೆ ಹೊರಡುವ ಹಿಂದಿನ ರಾತ್ರಿ ಪಂಚೆಯನ್ನು ನೀಟಾಗಿ ಮಡಿಸಿ ಹಾಸಿಗೆಯ ಕೆಳಗಿಟ್ಟು ಮಲಗುವುದು ನಮ್ಮಲ್ಲಿ ಹಳೆಯ ರೂಢಿ. ಬೆಳಗ್ಗೆ ಅದನ್ನು ಉಟ್ಟು ಬಂದವರನ್ನು ಯಾರೂ ಮೋಸಗಾರರೆನ್ನುವುದಿಲ್ಲ. ಅದೇ ಉಪಚಾರವನ್ನು ಒಂದು ಹಳೆಯ ಕಾಮಿಕ್ಸ್ ಪುಸ್ತಕಕ್ಕೆ ಮಾಡಿದರೆ? ಅಮೆರಿಕದ ಸಂಗ್ರಾಹಕರಲ್ಲಿ ಈ ಪ್ರಶ್ನೆ ದೊಡ್ಡ ವಾಗ್ವಾದವನ್ನೇ ಎಬ್ಬಿಸಿದೆ.

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ. ಬೆಲೆ 10 ಸೆಂಟ್. ಮಕ್ಕಳು ಅದನ್ನು ಓದಿದರು, ಸುರುಳಿ ಸುತ್ತಿ ಜೇಬಿಗೆ ತುರುಕಿದರು, ಆಮೇಲೆ ಮರೆತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಸಂಗ್ರಹಿಸುವ ಅಭಿಯಾನಗಳಿಗೆ ಇಂಥ ರಾಶಿ ರಾಶಿ ಪುಸ್ತಕಗಳು ಹೋದವು. ಉಳಿದವು ಕೆಲವೇ. ಅಂಥ ಒಂದು ಪ್ರತಿ 2014ರಲ್ಲಿ ಸುಮಾರು 32 ಲಕ್ಷ ಡಾಲರಿಗೆ, ಮತ್ತೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು.

ಇಷ್ಟು ಹಣ ಸುರಿಯುವಾತ ಪುಸ್ತಕದ ಸ್ಥಿತಿಗೆ ಸಾಕ್ಷಿ ಕೇಳುವುದು ಸಹಜ. 2000ದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆ ಪುಸ್ತಕವನ್ನು ಪರೀಕ್ಷಿಸಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗೆ ಮುಚ್ಚುತ್ತದೆ. ಅಪರೂಪದ ಸಂಚಿಕೆಗೆ ಅರ್ಧ ಅಂಕ ಹೆಚ್ಚಿದರೂ ಬೆಲೆ ಜಿಗಿಯುತ್ತದೆ. ‘ಪ್ರೆಸ್ಸಿಂಗ್’ ಕಸುಬಿಗೆ ಗಿರಾಕಿಗಳು ಹೆಚ್ಚಿದ್ದು ಇದರಿಂದಲೇ.

ಕೆಲಸದ ತತ್ತ್ವ ಸರಳ. ಕಾಗದವೆಂದರೆ ಹೆಣೆದುಕೊಂಡ ನಾರು. ಹದವಾದ ತೇವ ತಗುಲಿದರೆ ನಾರು ಸಡಿಲವಾಗುತ್ತದೆ. ಬಿಸಿ ಒತ್ತುಯಂತ್ರದಲ್ಲಿ ಭಾರ ಬಿದ್ದಾಗ ಸಮನಾಗುತ್ತದೆ. ಭಾರದಡಿಯಲ್ಲೇ ತಣಿದರೆ ಹಾಗೆಯೇ ನಿಲ್ಲುತ್ತದೆ. ಬಾಗು, ಅಲೆ, ಬೆರಳೊತ್ತಿದ ಗುಳಿ ಮಾಯವಾಗುತ್ತವೆ. ಆದರೆ ಮಡಿಕೆಯಲ್ಲಿ ಬಣ್ಣವೇ ಒಡೆದು ಬಿಳಿ ಗೆರೆ ಮೂಡಿದ್ದರೆ ಯಾವ ಯಂತ್ರವೂ ಅದನ್ನು ಅಳಿಸಲಾರದು. ಹರಕು, ಕಲೆಗಳಿಗೂ ಇದು ಮದ್ದಲ್ಲ. ಕೈ ತಪ್ಪಿದರಂತೂ ಹೊಲಿಗೆಪಿನ್ನಿನ ಅಚ್ಚು ರಕ್ಷಾಪುಟದ ಮೇಲೆ ಮೂಡುತ್ತದೆ. ಆ ಪುಸ್ತಕಗಳ ಒಳಪುಟಗಳೋ ಆಮ್ಲ ತುಂಬಿದ ಅಗ್ಗದ ನ್ಯೂಸ್‌ಪ್ರಿಂಟ್. ಅತಿಯಾದ ಶಾಖ ಅವುಗಳ ಮುಪ್ಪನ್ನು ಹತ್ತಿರ ತರುತ್ತದೆ.

ಅಂಟು ಹಚ್ಚಿ ಹರಕು ಮುಚ್ಚಿದರೆ, ಬಣ್ಣ ತುಂಬಿದರೆ ಸಿಜಿಸಿ ಅದನ್ನು ದುರಸ್ತಿ ಎಂದು ಗುರುತಿಸಿ ನೇರಳೆ ಚೀಟಿ ಅಂಟಿಸುತ್ತದೆ, ಬೆಲೆ ಕುಸಿಯುತ್ತದೆ. ಪ್ರೆಸ್ಸಿಂಗ್ ಮಾತ್ರ ಅದರ ಲೆಕ್ಕದಲ್ಲಿ ದುರಸ್ತಿಯಲ್ಲ. ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ ಎಂಬುದು ಸಮರ್ಥಕರ ವಾದ. ಪುಸ್ತಕದ ಸ್ಥಿತಿಯನ್ನು ಬದಲಿಸಿದ ಮೇಲೆ ಹೇಳಬೇಡವೇ ಎಂಬುದು ವಿರೋಧಿಗಳ ಪ್ರಶ್ನೆ. 2012ರಲ್ಲಿ ಸಿಜಿಸಿಯ ಮಾತೃಸಂಸ್ಥೆಯೇ ಪ್ರೆಸ್ಸಿಂಗ್ ಮಾಡುವ ಕಂಪನಿಯೊಂದನ್ನು ಕೊಂಡಿತು. ಉತ್ತರಪತ್ರಿಕೆ ತಿದ್ದುವವರ ಮನೆಯಲ್ಲೇ ಟ್ಯೂಷನ್ ಶುರುವಾದರೆ ಊರಿನವರು ಏನೆಂದುಕೊಳ್ಳುತ್ತಾರೆಂದು ನಿಮಗೆ ನಾನು ಹೇಳಬೇಕಿಲ್ಲ.

ಅಚ್ಚುಕಟ್ಟಾಗಿ ಪ್ರೆಸ್ ಮಾಡಿದ್ದನ್ನು ಪತ್ತೆಹಚ್ಚುವುದು ಬಹಳ ಕಷ್ಟ. ಹಾಗಾಗಿ ನಿಷೇಧಿಸಿದರೂ ಅದನ್ನು ಜಾರಿಗೆ ತರುವವರಿಲ್ಲ. ಕೊನೆಗೆ ಉಳಿಯುವುದು ಮಾರುವವನ ಮಾತು. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಯಾವ ಕಾಗದಕ್ಕೆ ಏನು ಉಪಚಾರ ಮಾಡಿದೆವೆಂದು ಬರೆದಿಡುತ್ತಾರೆ. ಕಾಮಿಕ್ಸ್ ಪೇಟೆಗೂ ಆ ಶಿಸ್ತು ಬಂದರೆ ಅರ್ಧ ಜಗಳ ಮುಗಿದೀತು. ಸುಕ್ಕು ತೆಗೆದದ್ದು ತಪ್ಪೆಂದು ನನಗನಿಸುವುದಿಲ್ಲ. ತೆಗೆದದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು.

ಇನ್ನೊಂದು ಮಾತು. ಆ ಸುಕ್ಕು ಬಿದ್ದದ್ದು ಯಾವುದೋ ಹುಡುಗ ಪುಸ್ತಕವನ್ನು ಜೇಬಿನಲ್ಲಿಟ್ಟು ಓಡಿದಾಗ. ಪ್ಲಾಸ್ಟಿಕ್ ಕವಚದೊಳಗಿನ ಪುಸ್ತಕವನ್ನು ಈಗ ಯಾರೂ ಓದುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಮಡಿಕೆ ಬಿದ್ದ ಚಿತ್ರಕಥೆಯೊಂದು ಸಿಕ್ಕರೆ, ಬೆಲೆ ವಿಚಾರಿಸುವ ಮೊದಲು ಮನೆಯ ಮಕ್ಕಳನ್ನು ಕೂಡಿಸಿಕೊಂಡು ಒಮ್ಮೆ ಓದಿ.