ಮಳೆಯ ನಕ್ಷೆ ಓದುವ ಬಗೆ

(ಮುಂಬಯಿಯಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲ ಬಂತೆಂದರೆ ಹವಾಮಾನ ಇಲಾಖೆಯ ನಕ್ಷೆ ನೋಡುತ್ತೇವೆ. "ಈ ಸಲ ವಾಡಿಕೆಯ ಮಳೆ" ಎಂದಿದ್ದರೆ ನಿಶ್ಚಿಂತರಾಗುತ್ತೇವೆ. ಆ ನಿಶ್ಚಿಂತೆ ಸಲ್ಲದೆಂದು ಹೇಳಲು ನಿಂತಿದ್ದೇನೆ.

ಆ ನಕ್ಷೆ ಜೂನಿನಿಂದ ಸೆಪ್ಟೆಂಬರ್‌ವರೆಗಿನ ಒಟ್ಟು ಮಳೆಯ ಲೆಕ್ಕ. ತಿಂಗಳ ಗಿರಾಕಿಗಳೆಲ್ಲ ಒಂದೇ ಮಧ್ಯಾಹ್ನ ಹೋಟೆಲಿಗೆ ನುಗ್ಗಿದರೆ ನಮ್ಮ ಗತಿಯೇನು? ತಿಂಗಳ ಲೆಕ್ಕದಲ್ಲಿ ಆ ಗದ್ದಲ ಕಾಣುವುದೇ ಇಲ್ಲ. ಮಳೆಯೂ ಹಾಗೆಯೇ.

2005ರಲ್ಲಿ ದೇಶದ ಮುಂಗಾರು ವಾಡಿಕೆಯ ನೂರಕ್ಕೆ 99 ಪಾಲು. ಆದರೂ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 94 ಸೆಂಟಿಮೀಟರ್ ಸುರಿಯಿತು. ಕೊಲಾಬಾದಲ್ಲಿ ಬರೀ 7. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾಗಳ ಮನೆಗಳಿಗೆ ನುಗ್ಗಿತು. ನೂರಾರು ಜನ ಸತ್ತರು.

2009ರಲ್ಲಿ ದೇಶಕ್ಕೆ ನೂರಕ್ಕೆ 22 ಪಾಲು ಮಳೆ ಕಡಿಮೆ, ಬರಗಾಲವೆಂದರು. ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಕೆಲವೇ ದಿನಗಳಲ್ಲಿ ಬಿಜಾಪುರ, ಬಾಗಲಕೋಟೆ, ರಾಯಚೂರು ಕಡೆಯ ಹಳ್ಳಿಗಳನ್ನು ಮುಳುಗಿಸಿತು.

ಹಾಗಾದರೆ ನಕ್ಷೆ ವ್ಯರ್ಥವೇ? ಅಲ್ಲ. ಓದುವ ಕ್ರಮ ತಿಳಿದಿರಬೇಕು.

ಒಂದು: ಮಳೆಗಾಲದ ನಡುವೆ ನಕ್ಷೆಯಲ್ಲಿ ನೀಲಿ ಬಣ್ಣವಿದ್ದರೆ ವಾಡಿಕೆಗಿಂತ ಹೆಚ್ಚು ಮಳೆಯಾಗಿದೆ ಎಂದರ್ಥ. ನೆಲ ನೀರು ಕುಡಿದು ತಣಿದಿರುತ್ತದೆ, ಅಣೆಕಟ್ಟು ತುಂಬುತ್ತಿರುತ್ತದೆ. ಮುಂದಿನ ಮಳೆಯ ನೀರಿಗೆ ಜಾಗವಿಲ್ಲ.

ಎರಡು: ನಿಮ್ಮ ಊರನ್ನಷ್ಟೇ ನೋಡಬೇಡಿ, ನದಿ ಹುಟ್ಟುವಲ್ಲಿ ನೋಡಿ. 2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟದ ಮೇಲೆ ಸುರಿದ ಮಳೆಯೇ ಕೃಷ್ಣೆಯಲ್ಲಿ ಇಳಿದು ಬಂದು ಚಿಕ್ಕೋಡಿ, ಅಥಣಿ ಕಡೆ ನೆರೆ ತಂದಿತು.

ಮೂರು: ಕೆಂಪು ಬಣ್ಣಕ್ಕೆ ಮೋಸಹೋಗಬೇಡಿ. ಒಟ್ಟು ಮಳೆಯ ನಕ್ಷೆಯಲ್ಲಿ ಕೆಂಪು ಎಂದರೆ ಮಳೆಯ ಕೊರತೆ. ದಿನದಿನದ ಎಚ್ಚರಿಕೆಯಲ್ಲಿ ಕೆಂಪು ಎಂದರೆ ಒಂದೇ ದಿನಕ್ಕೆ 20 ಸೆಂಟಿಮೀಟರಿಗೂ ಮೀರಿ ಸುರಿಯಬಹುದು. ಒಂದೇ ಬಣ್ಣ, ಅರ್ಥ ತಿರುವುಮುರುವು. ಈ ನಗರದಲ್ಲಿ ಅಂಥ ದಿನ ಸಮುದ್ರದ ಉಬ್ಬರದ ಹೊತ್ತನ್ನೂ ಕೇಳಿ ತಿಳಿಯಿರಿ. ಉಬ್ಬರವಿದ್ದಾಗ ಚರಂಡಿಯ ನೀರು ಸಮುದ್ರಕ್ಕೆ ಇಳಿಯದು.

ಕೆಂಪು ಎಚ್ಚರಿಕೆಯ ದಿನ ತಗ್ಗಿನ ಕೋಣೆಯಲ್ಲಿ ಯಾರೂ ಮಲಗಬಾರದು. ದೂರದ ಉಪನಗರದವರನ್ನು ರೈಲು ನಿಲ್ಲುವ ಮೊದಲೇ ಬಿಡಿರೆಂದು ಮಾಲೀಕರನ್ನು ಕೇಳೋಣ. ಒಬ್ಬೊಬ್ಬರೇ ಕೇಳಿದರೆ ಸೋಮಾರಿತನವೆಂದಾರು; ಸಂಘವಾಗಿ ಕೇಳಿದರೆ ಅದು ನ್ಯಾಯ. ಅರ್ಧ ದಿನದ ಕೂಲಿಗಿಂತ ಊರಿನಲ್ಲಿ ಕಾದಿರುವ ತಾಯಿಗೆ ಮಗ ದೊಡ್ಡವನು.