ಬೌಲರ್ ತರೋ ಮುಂಚೆ ಮೂರು ಪ್ರಶ್ನೆ

ಇರಕಲ್ಲಗಡದ ನಮ್ಮ ಮನಿ ಮ್ಯಾಲಿನ ಖೋಲಿಯಿಂದ ಮಾತಾಡಾಕತ್ತೀನಿ. ನಡುವ ಫ್ಯಾನ್ ಸಪ್ಪಳ ಕೇಳಿಸಿದ್ರ ಸುಧಾರಿಸ್ಕೊಳ್ರಿ, ಅದನ್ನ ಆರಿಸಿದ್ರ ನಾನು ಇಲ್ಲಿ ಕುಂದ್ರಾಕ ಆಗಂಗಿಲ್ಲ.

ಕೇಳುಗರು ಪದೇ ಪದೇ ಒಂದೇ ಪ್ರಶ್ನೆ ಕಳಸ್ತಾರ: "ಅಣ್ಣಾ, ಟ್ರೇಡ್‌ನಾಗ ಆರ್‌ಸಿಬಿ ಯಾವ ಬೌಲರ್‌ನ ತರಬೇಕು?" ಟ್ರೇಡ್ ಅಂದ್ರ ಹರಾಜಿಲ್ಲದ ವ್ಯವಹಾರ. ರೊಕ್ಕ ಕೊಟ್ಟು, ಇಲ್ಲಾ ತನ್ನ ಆಟಗಾರನ್ನ ಬದಲಿ ಕೊಟ್ಟು, ಒಂದು ತಂಡ ಇನ್ನೊಂದು ತಂಡದವನ್ನ ತಗೊಳ್ತೈತಿ. ಹೆಸರು ಹೇಳೋದು ಸರಳ. ಆದರೆ ಹೆಸರಿಗಿಂತ ಮುಂಚೆ ಮೂರು ಪ್ರಶ್ನೆ ಅದಾವ. ನಾನು ಬಿ.ಕಾಂ. ಮುಗಿಸಿದವ, ಹಂಗಾಗಿ ಲೆಕ್ಕದಿಂದ ಶುರು ಮಾಡ್ತೀನಿ.

ಮೊದಲನೇ ಪ್ರಶ್ನೆ: ಎಷ್ಟಕ್ಕ ಬರ್ತಾನ?

2021ರ ಸೀಸನ್ ಮುಂಚೆ ದೆಹಲಿ ತಂಡದಿಂದ ಹರ್ಷಲ್ ಪಟೇಲ್ ಟ್ರೇಡ್ ಆಗಿ ಬಂದ್ರು. ಬೆಲೆ 20 ಲಕ್ಷ. ಆ ವರ್ಷ 32 ವಿಕೆಟ್, ಪರ್ಪಲ್ ಕ್ಯಾಪ್. ಭಾಗಾಕಾರ ಮಾಡ್ರಿ, ಒಂದು ವಿಕೆಟ್‌ಗೆ 62,500 ರೂಪಾಯಿ. ಮುಂದಿನ ವರ್ಷ ಹರಾಜಿನಾಗ ಅದೇ ಹರ್ಷಲ್‌ಗೆ ಅದೇ ತಂಡ 10.75 ಕೋಟಿ ಕೊಟ್ಟಿತು. 2022ರಾಗ 19 ವಿಕೆಟ್, ಅಂದ್ರ ಒಂದಕ್ಕೆ ಸುಮಾರು 57 ಲಕ್ಷ. 2023ರಾಗ 14 ವಿಕೆಟ್. ಆಮೇಲೆ ಬಿಟ್ಟುಬಿಟ್ರು. ಬೌಲರ್ ಅವನೇ, ಬೆಲೆ ಬದಲಾತು. ಹೋದ ವರ್ಷದ ಸಾಧನೆಗೆ ಈ ವರ್ಷ ರೊಕ್ಕ ಕೊಟ್ರ ಹಿಂಗಾಗ್ತೈತಿ.

ಎರಡನೇ ಪ್ರಶ್ನೆ: ಯಾವ ಓವರ್ ಖಾಲಿ ಐತಿ?

ಅಮೆರಿಕದ ಬೇಸ್‌ಬಾಲ್‌ನಾಗ ತಂಡಗಳು ಸೀಸನ್ ನಡುವೇ ಟ್ರೇಡ್ ಮಾಡಿ ಸ್ಟಾರ್ಟಿಂಗ್ ಪಿಚರ್ ತರ್ತಾವ. ಅವನು ಸುಮಾರು ಐದು ದಿನಕ್ಕೊಮ್ಮೆ ಬಂದು ಪಂದ್ಯದ ದೊಡ್ಡ ಪಾಲು ತಾನೇ ಎಸೀತಾನ. ನಮ್ಮಲ್ಲಿ ಒಬ್ಬ ಬೌಲರ್‌ಗೆ ನಾಕೇ ಓವರ್, 24 ಎಸೆತ. ಆ 24 ಎಸೆತ ಯಾವಾಗ ಹಾಕ್ತಾನ ಅನ್ನೋದೇ ಮುಖ್ಯ.

2023ರ ನವೆಂಬರ್ ನೆನಪು ಮಾಡ್ಕೊಳ್ರಿ. ಮುಂಬೈಯಿಂದ ಕ್ಯಾಮರೂನ್ ಗ್ರೀನ್ 17.5 ಕೋಟಿಗೆ ಟ್ರೇಡ್ ಆಗಿ ಬಂದ್ರು. ಅದೇ ತಿಂಗಳು ಹೇಜಲ್‌ವುಡ್, ಹರ್ಷಲ್, ಹಸರಂಗ ಮೂವರನ್ನೂ ಬಿಟ್ರು. ಹರಾಜಿನಾಗ ಅಲ್ಜಾರಿ ಜೋಸೆಫ್‌ಗೆ 11.5 ಕೋಟಿ, ಮೂರು ಪಂದ್ಯ, ಒಂದು ವಿಕೆಟ್. 2024ರ ಏಪ್ರಿಲ್ 15ಕ್ಕ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ ತಂಡ 287 ರನ್ ಬಾರಿಸಿತು. ಅವತ್ತು ನಾನು ಟಿವಿ ಬಂದ್ ಮಾಡಿ ಹೊರಗ ಹೋಗಿ ಕುಂತಿದ್ದೆ. ಗ್ರೀನ್ ಒಳ್ಳೆ ಆಟಗಾರ, ತಕರಾರಿಲ್ಲ. ಆದರೆ ತೂತು ಇದ್ದದ್ದು ಒಂದು ಕಡೆ, ತೇಪೆ ಹಾಕಿದ್ದು ಇನ್ನೊಂದು ಕಡೆ.

2025ಕ್ಕ ಅದನ್ನ ತಿದ್ದಿಕೊಂಡ್ರು. ಹೇಜಲ್‌ವುಡ್ 12.50 ಕೋಟಿ, ಭುವನೇಶ್ವರ್ 10.75, ಕೃಣಾಲ್ 5.75. ಹೊಸ ಚೆಂಡು, ಕೊನೇ ಓವರ್, ನಡುವಿನ ಓವರ್, ಎಲ್ಲದಕ್ಕೂ ಒಬ್ಬೊಬ್ಬ. ಹೇಜಲ್‌ವುಡ್ 12 ಪಂದ್ಯದಾಗ 22 ವಿಕೆಟ್. ಫೈನಲ್‌ನಾಗ ಕೃಣಾಲ್ 17 ರನ್ ಕೊಟ್ಟು 2 ವಿಕೆಟ್. ಜೂನ್ 3ಕ್ಕ ಕಪ್ ಬಂತು, 6 ರನ್‌ನಿಂದ.

ಮೂರನೇ ಪ್ರಶ್ನೆ: ಯಾರು ಹೊರಗ ಹೋಗ್ತಾರ?

ಈ ಕಪ್ಪಿಗೂ ಒಂದು ಖರ್ಚು ಐತಿ. ಸಿರಾಜ್‌ನ ಬಿಟ್ರು, ಗುಜರಾತ್ 12.25 ಕೋಟಿಗೆ ತಗೊಂಡಿತು. ಏಪ್ರಿಲ್ 2ಕ್ಕ ಅದೇ ಚಿನ್ನಸ್ವಾಮಿಗೆ ಬಂದು 19 ರನ್ ಕೊಟ್ಟು 3 ವಿಕೆಟ್ ತಗದು ನಮ್ಮನ್ನೇ ಸೋಲಿಸಿದ. ಕಪ್ ಬಂದ್ರೂ ಆ ನಷ್ಟ ನಷ್ಟನೇ. ಲೆಕ್ಕದಾಗ ಎರಡೂ ಬರೀಬೇಕು.

ಇದನ್ನ ನಾನು ಟಿವಿ ನೋಡಿ ಕಲ್ತಿಲ್ರೀ. ನಮ್ಮೂರ ಟೆನ್ನಿಸ್ ಬಾಲ್ ತಂಡದ ರೊಕ್ಕದ ಲೆಕ್ಕ ನನ್ನ ಕೈಯಾಗ ಇರ್ತೈತಿ. ಹೋದ ಟೂರ್ನಮೆಂಟಿಗೆ ಪಟ್ಟಿ ಎತ್ತಿದ್ರಾಗ ಮೂರು ಸಾವಿರ ಕೊಟ್ಟು ಹೊರಗಿನ ಬೌಲರ್ ಒಬ್ಬನ್ನ ಕರ್ಕೊಂಡು ಬಂದ್ವಿ. ಭಾರಿ ಸ್ಪೀಡ್. ಅವನಿಗೆ ಜಾಗ ಮಾಡಾಕ ನಮ್ಮ ಹುಡುಗನ್ನ ಕೂಡಿಸಿದ್ವಿ. ಆ ಹುಡುಗನ ಕೈಯಾಗ ಸ್ಪೀಡ್ ಇಲ್ಲ, ಆದರೆ ನಾಕು ವರ್ಷ ಕೊನೇ ಓವರ್ ಅವನದೇ. ಸೆಮಿಫೈನಲ್‌ನಾಗ ಎದುರಿನವರಿಗೆ ಕೊನೇ ಓವರ್‌ಗೆ 11 ರನ್ ಬೇಕಿತ್ತು. ಸ್ಪೀಡಿನವನಿಗೇ ಚೆಂಡು ಕೊಟ್ವಿ. ನಾಕೇ ಎಸೆತದಾಗ ಮುಗೀತು.

ಸೋತಿದ್ದು ದೊಡ್ಡ ಮಾತಲ್ಲ. ಅವತ್ತಿನಿಂದ ನಮ್ಮ ಹುಡುಗ ಮೈದಾನಕ್ಕ ಬಂದಿಲ್ಲ. ಕೂಡಿಸೋಣು ಅಂದವರಾಗ ನಾನೂ ಒಬ್ಬ. ಮೂರು ಸಾವಿರ ಖರ್ಚಿನ ಕಾಲಮ್‌ನಾಗ ಬರದಿದ್ದೆ, ಅವನನ್ನ ಎಲ್ಲೂ ಬರದಿರಲಿಲ್ಲ.

ಮುಂದಿನ ಟೂರ್ನಮೆಂಟಿನ ಮಾತು ಈಗ ಶುರು ಆಗೇತಿ. ಈ ಸಲನೂ ಹೊರಗಿನವರ ಹೆಸರು ಬಂದಾವ. ನಾನು ಮೊದ್ಲು ಅವನ ಮನಿಗೆ ಹೋಗಿ ತಪ್ಪಾತು ಅಂತ ಹೇಳ್ತೀನಿ, ಆಮೇಲೆ ಮೀಟಿಂಗ್.

ನಿಮ್ಮ ತಂಡಕ್ಕ ಯಾವ ಓವರ್ ಖಾಲಿ ಐತಿ, ಯಾರು ಹೊರಗ ಹೋಗ್ತಾರ, ಎರಡನ್ನೂ ಬರದು ಕಳಿಸ್ರಿ. ಮುಂದಿನ ಸಂಚಿಕೆಯಾಗ ಓದ್ತೀನಿ.